ಹೊಂಗೆಯ ನೆರಳು: ದಾವಣಗೆರೆ–ಹರಿಹರ ಸೀಮೆಯ ಒಂದು ಸಾಲುಮರವನ್ನು ಕುರಿತು

ಅಶೋಕ ಚಕ್ರವರ್ತಿಯು ರಸ್ತೆಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸಿದನೆಂಬ ಮಾತನ್ನು ಕನ್ನಡ ಶಾಲೆಯಲ್ಲಿ ಓದಿದ ಯಾರೂ ಮರೆಯಲಾರರು. ಪಾಠದ ಉಳಿದ ಭಾಗವೆಲ್ಲ ಮರೆತುಹೋದ ಮೇಲೂ ಅದೊಂದು ವಾಕ್ಯ ನಾಲಗೆಯ ಮೇಲೆ ನಿಂತಿರುತ್ತದೆ. ಪರೀಕ್ಷೆಯಲ್ಲಿ ಯಾವ ಅರಸನ ವಿಷಯವಾಗಿ ಪ್ರಶ್ನೆ ಬಂದರೂ ಇದನ್ನೇ ಬರೆದು ಬರುವ ವಿದ್ಯಾರ್ಥಿಗಳು ನಮ್ಮಲ್ಲಿ ಈಗಲೂ ಇದ್ದಾರೆ. ಆದರೆ ಈ ವಾಕ್ಯವು ಹೇಳದೆ ಬಿಟ್ಟ ಸಂಗತಿಗಳೇ ಇತಿಹಾಸವನ್ನು ಅಭ್ಯಾಸ ಮಾಡುವವನಿಗೆ ಹೆಚ್ಚು ಮುಖ್ಯವಾದುವು. ನೆಟ್ಟ ಮರ ಯಾವುದು? ಅದೇ ಮರವೇ ಏಕೆ? ನೆಟ್ಟ ಮೇಲೆ ನೀರೆರೆದವರು ಯಾರು? ಅದರ ಕಾಯಿ, ಸೊಪ್ಪು, ಕಟ್ಟಿಗೆಗಳು ಯಾರ ಮನೆಗೆ ಹೋದುವು? ಪ್ರಕೃತ ಲೇಖನದಲ್ಲಿ ದಾವಣಗೆರೆ ಮತ್ತು ಹರಿಹರಗಳ ಸೀಮೆಯಲ್ಲಿ ನೆರಳಿಗಾಗಿ ಬೆಳೆಸಲ್ಪಡುವ ಹೊಂಗೆಯ ಮರವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸಲು ಯತ್ನಿಸಿದೆ. ಮರವನ್ನು ಬೆಳೆಸುವ ವಿಧಾನವನ್ನೂ ಕೊನೆಯಲ್ಲಿ ಕೊಟ್ಟಿದೆ. ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಸಸಿ ನೆಡುವ ಮಾತೇಕೆಂದು ಕೇಳುವವರಿಗೆ ಉತ್ತರವು ಓದುತ್ತ ಹೋದಂತೆ ದೊರೆಯಬಹುದು.

ಮೊದಲು ಶಾಸನವನ್ನೇ ನೋಡೋಣ. ನಮ್ಮ ಹಳೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದರಿಂದ ಸಾಲುಮರದ ಮಾತೂ ಅಲ್ಲಿಯೇ ಇರಬೇಕೆಂದು ಹಲವರು ಭಾವಿಸುವುದುಂಟು. ಅದು ಸರಿಯಲ್ಲ. ಅವು ಕಿರು ಶಿಲಾಶಾಸನಗಳು. ಅವುಗಳಲ್ಲಿ ಮರದ ಪ್ರಸ್ತಾಪವಿಲ್ಲ. ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ನೆಡಿಸಿದುದು ಎರಡನೆಯ ಶಿಲಾಶಾಸನದಲ್ಲಿದೆ. ಅದರ ಪಾಠ ನಮಗೆ ದೊರೆಯುವುದು ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ. ಇನ್ನೂ ಸ್ಪಷ್ಟವಾದ ವಿವರಣೆಯಿರುವುದು ದೆಹಲಿಯಲ್ಲಿ ಈಗ ನಿಂತಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ. ದನಗಳಿಗೂ ಮನುಷ್ಯರಿಗೂ ನೆರಳಾಗಲೆಂದು ಆಲದ ಮರಗಳನ್ನು ನೆಡಿಸಿದುದಾಗಿಯೂ ಮಾವಿನ ತೋಪುಗಳನ್ನು ಮಾಡಿಸಿದುದಾಗಿಯೂ ಅಲ್ಲಿ ಹೇಳಿದೆ. ಎರಡು ಸಂಗತಿಗಳು ಗಮನಾರ್ಹ. ಒಂದು, ದನವನ್ನೂ ಮನುಷ್ಯನನ್ನೂ ಶಾಸನವು ಒಂದೇ ಉಸಿರಿನಲ್ಲಿ ಸ್ಮರಿಸುತ್ತದೆ. ರಸ್ತೆಯೆಂದರೆ ಅಂದು ಎತ್ತಿನ ಬಂಡಿಯ ರಸ್ತೆ. ಎರಡು, ನೆರಳಿಗೆ ಆಲ, ಫಲಕ್ಕೆ ಮಾವು ಎಂಬ ವಿಭಾಗವಿದೆ. ಬರಿಯ ಚೆಲುವಿಗಾಗಿ ನೆಟ್ಟ ಮರ ಅದರಲ್ಲಿಲ್ಲ.

ನಮ್ಮ ಮಧ್ಯಯುಗದ ಶಾಸನಗಳಲ್ಲಿಯೂ ಇದೇ ಮನೋಧರ್ಮ ಕಂಡುಬರುತ್ತದೆ. ಕೆರೆ, ಬಾವಿ, ಅರವಟ್ಟಿಗೆ, ತೋಪುಗಳನ್ನು ಮಾಡಿಸುವುದು ಪುಣ್ಯಕಾರ್ಯ. ಸಪ್ತಸಂತಾನಗಳಲ್ಲಿ ಮಗನಷ್ಟೇ ಗಣ್ಯವಾದುದು ವನ. ಸಂತಾನವೆಂಬ ಈ ಮಾತು ಕೇವಲ ಅಲಂಕಾರವಲ್ಲವೆಂದು ನಮ್ಮ ಅಭಿಪ್ರಾಯ. ಮಗುವನ್ನು ಹೆತ್ತರೆ ಸಾಲದು, ಸಾಕಬೇಕು. ಮರಕ್ಕೂ ಸಾಕುವವರು ಬೇಕು. ಮಾಗಡಿ ಸೀಮೆಯ ಹುಲಿಕಲ್ಲು–ಕುದೂರು ರಸ್ತೆಯಲ್ಲಿ ೩೮೫ ಆಲದ ಮರಗಳನ್ನು ಬೆಳೆಸಿ ೨೦೧೯ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನವರು ಮಕ್ಕಳಿಲ್ಲದ ಕೊರಗಿಗೆ ಮರಗಳನ್ನೇ ಮಕ್ಕಳೆಂದು ತಿಳಿದು, ಪತಿಯೊಡನೆ ಕೊಡಗಳಲ್ಲಿ ನೀರು ಹೊತ್ತು ಬೆಳೆಸಿದರೆಂಬುದು ನಾಡಿಗೆಲ್ಲ ತಿಳಿದ ಸಂಗತಿ. ಶಾಸನದ ಪರಿಭಾಷೆಯನ್ನು ಎಂದೂ ಓದದ ಒಬ್ಬ ಹೆಣ್ಣುಮಗಳು ಅದರ ಅರ್ಥವನ್ನು ಹೀಗೆ ಅಕ್ಷರಶಃ ನಡೆಸಿದಳು.

ಇನ್ನು ನಮ್ಮ ರಸ್ತೆಗೆ ಬರೋಣ. ಹರಿಹರವು ತುಂಗಭದ್ರೆಯ ದಡದ ಪ್ರಾಚೀನ ಕ್ಷೇತ್ರ. ೧೨೨೪ರ ಸುಮಾರಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು ಅಲ್ಲಿ ಹರಿಹರೇಶ್ವರನ ದೇಗುಲವನ್ನು ಕಟ್ಟಿಸಿದನು. ದಾವಣಗೆರೆಯ ಏಳಿಗೆ ಅದಕ್ಕಿಂತ ಬಹಳ ಈಚಿನದು. ಹೈದರಾಲಿಯು ಈ ಊರನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ ವರ್ತಕರು ಬಂದು ನೆಲೆಸಿದರು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಹರಿಹರ, ದಾವಣಗೆರೆಗಳ ಮೂಲಕ ಚಿತ್ರದುರ್ಗದ ಕಡೆಗೆ ಹೋಗುವಾಗ ಇದು ಆಗಲೇ ವ್ಯಾಪಾರದ ಸ್ಥಳವಾಗಿತ್ತು. ೧೮೬೮ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಸೇತುವೆಯಾದ ಮೇಲೆ ಬೆಂಗಳೂರಿನಿಂದ ಧಾರವಾಡದ ಕಡೆಗೆ ಹೋಗುವ ಹೆದ್ದಾರಿಯು ಮಳೆಗಾಲದಲ್ಲಿಯೂ ತಡೆಯಿಲ್ಲದೆ ನಡೆಯುವಂತಾಯಿತು. ದಾವಣಗೆರೆಯವರು ಇಂದಿಗೂ ಪಿ.ಬಿ. ರಸ್ತೆಯೆಂದು ಕರೆಯುವುದು ಇದನ್ನೇ: ಪೂನಾ–ಬೆಂಗಳೂರು ರಸ್ತೆ.

ಈ ಸೀಮೆಯ ನೆಲ ಬಯಲು. ಸಮುದ್ರ ಮಟ್ಟದಿಂದ ಸುಮಾರು ೬೦೦ ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಬೀಳುವ ಮಳೆ ಸುಮಾರು ೬೫೦ ಮಿಲಿಮೀಟರ್. ಎರೆ ಮತ್ತು ಕೆಮ್ಮಣ್ಣುಗಳೆರಡೂ ಇವೆ. ಎರೆಯ ನೆಲವು ಬೇಸಗೆಯಲ್ಲಿ ಮೊಳದುದ್ದ ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿದುಹಾಕುತ್ತದೆ. ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟು ಬೇರುಗಳನ್ನು ಕೊಳೆಸುತ್ತದೆ. ಈ ಎರಡು ಉಪದ್ರವಗಳನ್ನೂ ಸಹಿಸಿ ನಿಲ್ಲುವ ಮರಗಳು ಹೆಚ್ಚಿಲ್ಲ. ನಿಲ್ಲುವ ಕೆಲವೇ ಮರಗಳಲ್ಲಿ ಹೊಂಗೆಯೂ ಒಂದು.

ಹೊಂಗೆಯನ್ನು ಕನ್ನಡಿಗರಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲವಾದರೂ ಅದರ ಹೆಸರಿನ ವಿಷಯವಾಗಿ ಎರಡು ಮಾತು ಹೇಳಬೇಕು. ಪಕಾರವು ಹಕಾರವಾಗುವ ಪೂರ್ವದಲ್ಲಿ ಇದು ಪೊಂಗೆ; ತಮಿಳಿನಲ್ಲಿ ಪುಂಗು, ಪುಂಗಂ. ಕೊಚ್ಚಿಯ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆಯು ೧೬೭೮ರಿಂದ ಪ್ರಕಟಿಸಿದ ‘ಹೋರ್ಟುಸ್ ಮಲಬಾರಿಕುಸ್’ ಎಂಬ ಬೃಹದ್ಗ್ರಂಥದಲ್ಲಿ ಇದು ಪೊಂಗಂ ಎಂದೇ ಬರುತ್ತದೆ. ಸಸ್ಯಶಾಸ್ತ್ರಜ್ಞರು ಇಂದು ಬಳಸುವ ‘ಪೊಂಗಾಮಿಯ ಪಿನ್ನಾಟ’ ಎಂಬ ಹೆಸರಿನ ಮೊದಲ ಪದ ಅಲ್ಲಿಂದ ಹುಟ್ಟಿದುದು. ನಮ್ಮದೇ ಹಳೆಯ ಮಾತು ಲ್ಯಾಟಿನ್ನಿನ ವೇಷ ಧರಿಸಿ ನಮಗೆ ಹಿಂದಿರುಗಿ ಬಂದಿದೆಯೆಂದರೆ ತಪ್ಪಾಗಲಾರದು. ಬುಕಾನನ್ನನ ಪ್ರವಾಸ ಗ್ರಂಥದಲ್ಲಿ ಮಾತ್ರ ಇದು ‘ರೊಬಿನಿಯ ಮಿಟಿಸ್’ ಎಂಬ ಬೇರೆಯ ಹೆಸರಿನಿಂದ ಬರುವುದರಿಂದ ಆ ಗ್ರಂಥವನ್ನು ಓದುವವರು ಎಚ್ಚರದಿಂದಿರಬೇಕು. ಸಂಸ್ಕೃತದಲ್ಲಿ ಇದು ಕರಂಜ, ನಕ್ತಮಾಲ. ಇಲ್ಲಿಯೂ ಒಂದು ತೊಡಕಿದೆ: ವೈದ್ಯಗ್ರಂಥಗಳಲ್ಲಿ ಗಜ್ಜುಗದ ಬಳ್ಳಿಗೂ ಲತಾಕರಂಜವೆಂಬ ಹೆಸರುಂಟು. ಕರಂಜವೆಂದು ಕಂಡಲ್ಲೆಲ್ಲ ಹೊಂಗೆಯೆಂದು ಅರ್ಥ ಮಾಡುವ ಸಂಪಾದಕರು ಮೋಸಹೋಗುವ ಸಂಭವವಿದೆ.

ಮರದ ಎತ್ತರ ಸಾಮಾನ್ಯವಾಗಿ ೧೨ರಿಂದ ೧೫ ಮೀಟರ್. ಕಾಂಡ ಗಿಡ್ಡ, ತಲೆ ಹರವು. ಒಂದೊಂದು ಎಲೆಯಲ್ಲಿ ಐದೋ ಏಳೋ ಕಿರುಎಲೆಗಳು. ಮಾಘ ಫಾಲ್ಗುಣಗಳಲ್ಲಿ ಹಳೆಯ ಎಲೆಗಳು ಉದುರಿ, ಕೆಲವೇ ದಿನಗಳಲ್ಲಿ ಎಳೆಹಸಿರಿನ ಹೊಸ ಚಿಗುರು ಮರವನ್ನೆಲ್ಲ ತುಂಬುತ್ತದೆ. ಹಿಂದೆಯೇ ಬಿಳುಪಿಗೆ ತುಸು ನೇರಿಳೆ ಬೆರೆತ ಹೂಗೊಂಚಲುಗಳು. ಬೇಂದ್ರೆಯವರ ಯುಗಾದಿಯ ಪದ್ಯದಲ್ಲಿ ಹೊಂಗೆಯ ಹೂವು ಬರುವುದು ಕವಿಕಲ್ಪನೆಯಿಂದಲ್ಲ. ಪಂಚಾಂಗಕ್ಕೂ ಈ ಮರಕ್ಕೂ ಇರುವ ಹೊಂದಾಣಿಕೆಯಿಂದ. ಹೂವು ಕಾಯಾಗಿ ಮಾಗುವುದಕ್ಕೆ ಹೆಚ್ಚುಕಡಮೆ ಒಂದು ವರ್ಷವೇ ಹಿಡಿಯುತ್ತದೆ. ಕಾಯಿ ಚಪ್ಪಟೆ, ತುದಿ ಕೊಕ್ಕಿನಂತೆ ಬಾಗಿದುದು, ಒಳಗೆ ಸಾಮಾನ್ಯವಾಗಿ ಒಂದೇ ಬೀಜ. ಎಲೆಗಳ ಮೇಲೆ ನರೂಲಿಯಂತಹ ಗಂಟುಗಳೆದ್ದಿರುವುದನ್ನು ಎಲ್ಲರೂ ನೋಡಿರುತ್ತಾರೆ. ಅದು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನುಸಿಯ ಕೆಲಸ. ನೋಟಕ್ಕೆ ಅಸಹ್ಯವೇ ಹೊರತು ಬೆಳೆದ ಮರಕ್ಕೆ ಅದರಿಂದ ಮಾರಕವಾದ ಹಾನಿಯಿಲ್ಲ. ಈ ಗಂಟುಗಳನ್ನು ಕಂಡು ಮರಕ್ಕೆ ರೋಗ ಬಂದಿತೆಂದು ಕಡಿಸಿಹಾಕುವುದು ಅವಿವೇಕ.

ಹಳೆಯ ಜೀವನದಲ್ಲಿ ಈ ಮರದ ಸ್ಥಾನವೇನಾಗಿತ್ತು? ಬೀಜದಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಭಾಗದವರೆಗೆ ಎಣ್ಣೆಯಿದೆ. ಕಹಿಯಾದುದರಿಂದ ಅದು ತಿನ್ನಲು ಬಾರದು. ದೀಪಕ್ಕೆ, ಚರ್ಮ ಹದಮಾಡುವುದಕ್ಕೆ, ಮನುಷ್ಯರ ಮತ್ತು ದನಗಳ ಕಜ್ಜಿ ತುರಿಗಳಿಗೆ ಬಳಕೆಯಾಗುತ್ತಿತ್ತು. ಹರಳೆಣ್ಣೆ ಕೊಳ್ಳಲಾರದ ಮನೆಯಲ್ಲಿ ಹಣತೆಗೆ ಹೊಂಗೆಯೆಣ್ಣೆ. ಹೊಗೆ ಹೆಚ್ಚು, ಬೇಗ ಉರಿದುಹೋಗುತ್ತದೆ. ಆದರೆ ಬೀಜಕ್ಕೆ ದುಡ್ಡಿಲ್ಲ, ಆರಿಸಿ ತಂದ ಶ್ರಮವಷ್ಟೇ ಅದರ ಬೆಲೆ. ಬೇಸಗೆಯಲ್ಲಿ ಹೊಲದ ಕೆಲಸವಿಲ್ಲದ ದಿನಗಳಲ್ಲಿ ಹೆಂಗಸರೂ ಮಕ್ಕಳೂ ಮರದಡಿಯ ಕಾಯಿಗಳನ್ನು ಆರಿಸಿ, ಒಣಗಿಸಿ, ಬಡಿದು, ಬೀಜವನ್ನು ಗಾಣಿಗರಿಗೆ ಕೊಟ್ಟು ಎಣ್ಣೆ ಪಡೆಯುತ್ತಿದ್ದರು. ಗಾಣದಲ್ಲಿ ಉಳಿದ ಹಿಂಡಿ ಗೊಬ್ಬರಕ್ಕೆ. ಅದರಲ್ಲಿ ನೂರಕ್ಕೆ ಸುಮಾರು ನಾಲ್ಕು ಭಾಗ ಸಾರಜನಕವಿರುವುದಲ್ಲದೆ, ಅದರ ಕಹಿಯು ನೆಲದೊಳಗಿನ ಹುಳುಗಳನ್ನೂ ಹತೋಟಿಯಲ್ಲಿಡುತ್ತದೆ. ಮಳೆ ಹಿಡಿಯುವ ಕಾಲಕ್ಕೆ ಸೊಪ್ಪನ್ನು ಸವರಿ ಗದ್ದೆಯಲ್ಲಿ ತುಳಿಸುತ್ತಿದ್ದರು. ಕವಲುಗಳು ಒಲೆಗೆ, ಎಳೆಯ ಕಡ್ಡಿ ಹಲ್ಲಿಗೆ.

ಇಷ್ಟನ್ನು ವಿಸ್ತರಿಸಿ ಹೇಳಿದುದಕ್ಕೆ ಕಾರಣವಿದೆ. ಈ ಮರದ ನೆರಳು ಯಾರೂ ಬೆಲೆ ಕಟ್ಟದ ವಸ್ತು. ದಾರಿಹೋಕನು ಕುಳಿತು ಎದ್ದು ಹೋಗುತ್ತಾನೆ, ನೀರೆರೆಯಲು ಹಿಂದಿರುಗುವುದಿಲ್ಲ. ಮರವನ್ನು ಕಾದವರು ನೆರಳಿನಲ್ಲಿ ಕುಳಿತವರಲ್ಲ, ಬೀಜ ಆರಿಸಿದವರು. ಮುಂದಿನ ವರ್ಷದ ದೀಪದೆಣ್ಣೆ ಯಾವ ಕೊಂಬೆಯಲ್ಲಿದೆಯೋ ಆ ಕೊಂಬೆಗೆ ಕೊಡಲಿ ಹಾಕುವವನನ್ನು ಊರು ಸುಮ್ಮನೆ ಬಿಡುತ್ತಿರಲಿಲ್ಲ. ಹುಣಸೆಯ ಸಾಲುಮರಗಳು ಇನ್ನೂ ಹಲವೆಡೆ ಉಳಿದಿರುವುದಕ್ಕೂ ಕಾರಣ ಇದೇ ಬಗೆಯದು: ಅವುಗಳ ಫಸಲನ್ನು ಪ್ರತಿವರ್ಷ ಹರಾಜು ಹಾಕುವ ಪದ್ಧತಿ ಇಂದಿಗೂ ನಡೆದಿದೆ, ಆದುದರಿಂದ ಅವುಗಳಿಗೆ ವಾರಸುದಾರರಿದ್ದಾರೆ. ಸಾಲುಮರದ ಇತಿಹಾಸವನ್ನು ನೆಡಿಸಿದ ಅರಸನ ಕಡೆಯಿಂದ ಬರೆಯುವುದಕ್ಕಿಂತ ಫಲವನ್ನು ಉಂಡವರ ಕಡೆಯಿಂದ ಬರೆಯುವುದು ಹೆಚ್ಚು ಸಮಂಜಸವೆಂದು ತೋರುತ್ತದೆ.

ಹೊಂಗೆಯ ಈ ವಾರಸುದಾರಿಕೆ ಮೂರು ಪೆಟ್ಟುಗಳಿಂದ ಮುರಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸೀಮೆಯೆಣ್ಣೆಯೂ ಆಮೇಲೆ ವಿದ್ಯುತ್ತೂ ಹಣತೆಯನ್ನು ನಂದಿಸಿದುವು. ೧೯೬೦ರ ದಶಕದಲ್ಲಿ ಭದ್ರಾ ನಾಲೆಯ ನೀರು ಹರಿದ ಮೇಲೆ ದಾವಣಗೆರೆ, ಹರಿಹರಗಳ ಸುತ್ತಣ ಹೊಲಗಳು ಭತ್ತ, ಕಬ್ಬುಗಳ ಗದ್ದೆಗಳಾದುವು. ಸೊಪ್ಪಿನ ಗೊಬ್ಬರಕ್ಕೆ ಬೇಡಿಕೆ ಏರಬೇಕಾಗಿದ್ದ ಆ ಕಾಲದಲ್ಲಿಯೇ ಚೀಲಗಳಲ್ಲಿ ತುಂಬಿದ ರಾಸಾಯನಿಕ ಗೊಬ್ಬರ ಅಂಗಡಿಗೆ ಬಂದಿತು. ಒಲೆಗೆ ಅನಿಲದ ಸಿಲಿಂಡರು ಬಂದುದು ಮೂರನೆಯದು. ಇವು ಯಾವುವೂ ಕೆಟ್ಟ ಬದಲಾವಣೆಗಳಲ್ಲ. ಹೊಗೆಯ ನಡುವೆ ಕಣ್ಣು ಕೆಡಿಸಿಕೊಂಡ ಹೆಂಗಸರನ್ನು ಕೇಳಿದರೆ ಹಳೆಯದನ್ನು ಹಾಡಿ ಹೊಗಳಲು ಬಾಯಿ ಬಾರದು. ಆದರೆ ಪರಿಣಾಮವಂತೂ ಸ್ಪಷ್ಟವಾಗಿದೆ. ಬೀಜ ಆರಿಸುವವರು ಇಲ್ಲವಾದ ಮೇಲೆ ಮರವು ಬರಿಯ ನೆರಳಾಯಿತು. ಬರಿಯ ನೆರಳಿಗೆ ಕಾವಲಿಲ್ಲ.

ಇದೇ ಅವಧಿಯಲ್ಲಿ ಬೇರೆಯೊಂದು ಬಗೆಯ ಮರಗಳು ನಮ್ಮ ಊರುಗಳಿಗೆ ಬಂದುವು. ಮಡಗಾಸ್ಕರ ದ್ವೀಪದಿಂದ ಗುಲ್‌ಮೊಹರ್, ಅಮೆರಿಕದ ಉಷ್ಣಪ್ರದೇಶದಿಂದ ಮಳೆಮರ. ಮಳೆಮರದ ಜಾತಿಯೇ ಆದ ಒಂದು ಮಹಾವೃಕ್ಷವನ್ನು ೧೮೦೦ರಲ್ಲಿ ವೆನಿಜುವೆಲಾದಲ್ಲಿ ಕಂಡ ಹುಂಬೋಲ್ಟನು ಅದರ ವಿಸ್ತಾರವನ್ನು ಕಂಡು ಬೆರಗಾದನು. ಬೆಂಗಳೂರಿನ ಲಾಲ್‌ಬಾಗಿನ ಅಧಿಕಾರವನ್ನು ೧೯೦೮ರಿಂದ ೧೯೩೨ರವರೆಗೆ ನಡೆಸಿದ ಕೃಂಬೀಗಲ್ಲರು ವರ್ಷದ ಎಲ್ಲ ಕಾಲದಲ್ಲಿಯೂ ಒಂದಲ್ಲ ಒಂದು ಬೀದಿ ಹೂವಿನಿಂದ ತುಂಬಿರುವಂತೆ ಮರಗಳನ್ನು ಯೋಜಿಸಿದರು. ರಾಜಧಾನಿಯ ಮಟ್ಟಿಗೆ ಅದೊಂದು ರಮ್ಯವಾದ ಯೋಜನೆ. ಅಲ್ಲಿ ಇಲಾಖೆಯಿತ್ತು, ತೋಟಗಾರರಿದ್ದರು, ನೀರಿತ್ತು. ಆ ಮಾದರಿಯನ್ನು ಬಯಲುಸೀಮೆಯ ಊರುಗಳು ಅನುಕರಿಸಿದಾಗ ಬಂದುದು ಹೂವು ಮಾತ್ರ, ತೋಟಗಾರರಲ್ಲ.

ಗುಲ್‌ಮೊಹರಿನ ಚೆಲುವನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಮೇ ತಿಂಗಳಿನಲ್ಲಿ ಅದು ಹೂತು ನಿಂತಾಗ ತಲೆಯೆತ್ತಿ ನೋಡದವನು ಅರಸಿಕನೇ ಸರಿ. ಆದರೆ ನೆರಳಿನ ಮರವೆಂದು ಪರೀಕ್ಷಿಸಿದರೆ ಅದು ತೇರ್ಗಡೆಯಾಗುವುದು ಕಷ್ಟ. ದಾವಣಗೆರೆಯಲ್ಲಿ ಬಿಸಿಲು ಸುಡುವುದು ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ. ಗುಲ್‌ಮೊಹರು ಎಲೆಯಿಲ್ಲದೆ ಬೋಳಾಗಿ ನಿಲ್ಲುವುದೂ ಬಹುಮಟ್ಟಿಗೆ ಆಗಲೇ. ಬೇರುಗಳು ಮೇಲುಮೇಲೆ ಹರಿಯುವುದರಿಂದಲೂ ಕೊಂಬೆಗಳು ಪೆಡಸಾಗಿರುವುದರಿಂದಲೂ ಮುಂಗಾರಿನ ಮೊದಲ ಗಾಳಿಗೆ ಬೀಳುವ ಮರಗಳಲ್ಲಿ ಇದು ಮುಂದು. ಮಳೆಮರದ ನೆರಳು ಮಾತ್ರ ನಿಜವಾಗಿಯೂ ಉದಾರವಾದುದು. ಸಂಜೆ ಎಲೆ ಮಡಿಚಿ, ಬೆಳಗ್ಗೆ ಬಿಚ್ಚುವ ಅದರ ನಡವಳಿಕೆ ಸೊಗಸು. ಆದರೆ ಬೆಳೆದ ಮರದ ತಲೆ ಮೂವತ್ತು ಮೀಟರ್ ಹರಡಬಲ್ಲುದು. ರೈಲ್ವೆ ನಿಲ್ದಾಣದ ಅಂಗಳಕ್ಕೆ, ಕಾಲೇಜಿನ ಮೈದಾನದ ಅಂಚಿಗೆ ಅದು ಯೋಗ್ಯವಾದ ಮರ. ಮೂವತ್ತು ಅಡಿಯ ಬೀದಿಯಲ್ಲಿ ಅದನ್ನು ನೆಡುವುದೆಂದರೆ ಆನೆಯನ್ನು ತಂದು ಹಿತ್ತಲಲ್ಲಿ ಕಟ್ಟಿದಂತೆ. ಹೊಂಗೆಯಾದರೋ ಯುಗಾದಿಯ ಹೊತ್ತಿಗೆ ಹೊಸ ಎಲೆ ತೊಟ್ಟು, ಬಿಸಿಲು ಏರುವ ದಿನಗಳಿಗೆ ಸರಿಯಾಗಿ ನೆರಳನ್ನು ಸಿದ್ಧಪಡಿಸಿರುತ್ತದೆ.

ನೆರಳಿನ ಪ್ರಯೋಜನವನ್ನು ಅಳೆದು ನೋಡಿದವರೂ ಇದ್ದಾರೆ. ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲಿ ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರಗಳಿರುವ ಬೀದಿಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಮರಗಳಿಲ್ಲದ ಕಡೆಗಿಂತ ೫.೬ ಡಿಗ್ರಿ ಸೆಂಟಿಗ್ರೇಡಿನಷ್ಟೂ, ರಸ್ತೆಯ ಮೇಲ್ಮೈಯ ಉಷ್ಣತೆ ೨೭.೫ ಡಿಗ್ರಿಯಷ್ಟೂ ಕಡಮೆಯಿದ್ದ ಸಂದರ್ಭಗಳು ದಾಖಲಾಗಿವೆ. ಬೆಂಗಳೂರಿಗಿಂತ ಬಿಸಿಲು ಹೆಚ್ಚಾದ ದಾವಣಗೆರೆಯಲ್ಲಿ ಬರಿಗಾಲಿನಲ್ಲಿ ತಳ್ಳುಗಾಡಿ ನೂಕುವವನಿಗೆ, ಬೀದಿಯ ಬದಿಯಲ್ಲಿ ಸೊಪ್ಪು ಮಾರುವವಳಿಗೆ ಈ ಅಂಕಿಗಳ ಅರ್ಥವೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಮರಗಳ ಮೇಲೆ ಬಿದ್ದ ದೊಡ್ಡ ಪೆಟ್ಟು ಈಚಿನದು. ೧೯೯೯ರಲ್ಲಿ ಆರಂಭವಾದ ಸುವರ್ಣ ಚತುಷ್ಪಥ ಯೋಜನೆಯ ಮುಂಬಯಿ–ಚೆನ್ನೈ ಭಾಗವು ಬೆಂಗಳೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಗಳ ಮೂಲಕ ಹಾದುದು. ಎರಡು ಬಂಡಿಗಳು ಎದುರುಬದುರಾಗಿ ದಾಟುವಷ್ಟು ಅಗಲವಿದ್ದ ಹಳೆಯ ಹೆದ್ದಾರಿ ನಾಲ್ಕು ಪಟ್ಟಿಗಳಾದಾಗ ಅದರ ಅಂಚಿನ ಮರಗಳು ನಡುವೆ ಬಂದುವು. ರಸ್ತೆ ಬೇಡವೆಂದು ಯಾರೂ ಹೇಳಲಾರರು. ಪ್ರಶ್ನೆಯಿರುವುದು ಬದಲು ನೆಟ್ಟುದು ಏನೆಂಬಲ್ಲಿ. ನಡುಪಟ್ಟಿಯಲ್ಲಿ ಈಗ ಕಣಗಿಲೆ, ಕಾಗದದ ಹೂವುಗಳಿವೆ. ಎದುರು ವಾಹನದ ಬೆಳಕನ್ನು ತಡೆಯಲು ಅವು ಸಾಕು. ದನಕ್ಕೂ ಮನುಷ್ಯನಿಗೂ ನೆರಳಾಗುವ ಉದ್ದೇಶ ಅವುಗಳಿಗಿಲ್ಲ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಶಾಸನದ ಆಶಯದಿಂದ ರಸ್ತೆಯ ಕಲ್ಪನೆ ಎಷ್ಟು ದೂರ ಸರಿದಿದೆಯೆಂಬುದನ್ನು ಇದರಿಂದ ಊಹಿಸಬಹುದು.

ಯಾರ ಲಾಭಕ್ಕಾಗಿ ಯಾವ ಮರ ಎಂಬ ಪ್ರಶ್ನೆಯನ್ನು ಈ ಸೀಮೆಯ ಜನರೇ ಒಮ್ಮೆ ನೇರವಾಗಿ ಎತ್ತಿದುದುಂಟು. ಹರಿಹರದ ಎದುರು ದಡದಲ್ಲಿ ಕುಮಾರಪಟ್ಟಣದ ಕಾರ್ಖಾನೆಯಿದೆ. ಅದಕ್ಕೆ ಮರದ ತಿರುಳು ಬೇಕು. ೧೯೮೪ರಲ್ಲಿ ಸರ್ಕಾರವೂ ಕಾರ್ಖಾನೆಯೂ ಜೊತೆಗೂಡಿ ಸ್ಥಾಪಿಸಿದ ಕಂಪನಿಗೆ ಹಳ್ಳಿಗಳ ಗೋಮಾಳಗಳನ್ನು ನೀಲಗಿರಿ ನೆಡಲು ಕೊಡಲಾಯಿತು. ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ೧೯೮೭ರ ನವೆಂಬರ್ ೧೪ರಂದು ಹಳ್ಳಿಗರು ಸೇರಿ ನೀಲಗಿರಿಯ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ತಮಗೆ ಉಪಯುಕ್ತವಾದ ಮರಗಳನ್ನು ನೆಟ್ಟರು. ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹವೆಂದು ಅದಕ್ಕೆ ಹೆಸರು. ಮರವನ್ನು ಕಿತ್ತು ನಡೆಸಿದ ಪರಿಸರ ಚಳವಳಿ ಇದಾದುದರಿಂದ ಇತಿಹಾಸಕಾರರ ಗಮನಕ್ಕೆ ವಿಶೇಷವಾಗಿ ಅರ್ಹವಾಗಿದೆ. ಅದು ನೆರಳಿನ ಮರದ ಪ್ರಶ್ನೆಯಲ್ಲದಿದ್ದರೂ ಮೇಲೆ ಹೇಳಿದ ಸೂತ್ರಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ಸಿಕ್ಕಿಲ್ಲ.

ಹೊಂಗೆಗೆ ಮತ್ತೊಮ್ಮೆ ವಾರಸುದಾರರನ್ನು ಹುಡುಕುವ ಯತ್ನವೂ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸರು ೧೯೯೦ರ ದಶಕದ ಕೊನೆಯಲ್ಲಿ ಹೊಂಗೆಯೆಣ್ಣೆಯಿಂದಲೇ ಡೀಸೆಲ್ ಎಂಜಿನನ್ನು ನಡೆಸಿ ಹಳ್ಳಿಗೆ ವಿದ್ಯುತ್ತನ್ನೂ ನೀರನ್ನೂ ಒದಗಿಸಬಹುದೆಂದು ತೋರಿಸಿದರು. ಕರ್ನಾಟಕ ಸರ್ಕಾರವು ೨೦೦೯ರಲ್ಲಿ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿ, ‘ಬರಡು ಬಂಗಾರ’, ‘ಹಸಿರು ಹೊನ್ನು’ ಎಂಬ ಕಾರ್ಯಕ್ರಮಗಳ ಮೂಲಕ ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಮೊದಲಾದ ಗಿಡಗಳನ್ನು ನೆಡಿಸಿತು. ಹೊರದೇಶದ ಜಟ್ರೋಫವೊಂದನ್ನೇ ಎಲ್ಲೆಡೆ ಹರಡುವುದಕ್ಕಿಂತ ಇದು ವಿವೇಕದ ಮಾರ್ಗವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಾಣ ಹತ್ತಿರದಲ್ಲಿಲ್ಲದೆ, ಬೀಜಕ್ಕೆ ನಿಶ್ಚಿತವಾದ ಬೆಲೆಯಿಲ್ಲದೆ ಆರಿಸುವವರು ಮುಂದೆ ಬರುವುದಿಲ್ಲ. ಗಿಡ ನೆಟ್ಟ ಲೆಕ್ಕ ಬೇಗ ಸಿದ್ಧವಾಗುತ್ತದೆ. ಬೀಜ ಕೊಂಡ ಲೆಕ್ಕಕ್ಕೆ ವರ್ಷಗಳು ಕಾಯಬೇಕು. ಹೊಂಗೆ ಕಾಯಿ ಬಿಡಲು ನಾಲ್ಕರಿಂದ ಏಳು ವರ್ಷ ಬೇಕೆಂಬುದನ್ನು ಯೋಜನೆ ಮಾಡುವವರು ಮೊದಲೇ ನೆನೆಯುವುದು ಒಳ್ಳೆಯದು.

ಈಗ ಬೆಳೆಸುವ ವಿಧಾನ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಕಂದುಬಣ್ಣಕ್ಕೆ ತಿರುಗಿದ ಕಾಯಿಗಳನ್ನು, ಚೆನ್ನಾಗಿ ಕಾಯಿಬಿಡುವ ಮರವನ್ನು ನೋಡಿ, ಕೊಯ್ದು ಬಿಸಿಲಿಗೆ ಹರಡಬೇಕು. ಒಣಗಿದ ಮೇಲೆ ಮರದ ಕೊಡತಿಯಿಂದ ಬಡಿದರೆ ಸಿಪ್ಪೆ ಬಿಡುತ್ತದೆ. ಹೊಸ ಬೀಜವೇ ಶ್ರೇಷ್ಠ; ಹಳೆಯದಾದಷ್ಟೂ ಮೊಳೆಯುವ ಶಕ್ತಿ ಕುಂದುತ್ತದೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿದ ಚೀಲದಲ್ಲಿ ಒಂದು ಅಂಗುಲ ಆಳಕ್ಕೆ ಊರಿದರೆ ಹತ್ತು ಹದಿನೈದು ದಿನಗಳಲ್ಲಿ ಮೊಳಕೆ ಕಾಣುತ್ತದೆ. ಸಸಿ ಎರಡು ಅಡ ಬೆಳೆದ ಮೇಲೆ ನೆಡಬಹುದು. ಬೇಸಗೆಯಲ್ಲಿಯೇ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ ಬಿಸಿಲಿಗೆ ಬಿಟ್ಟು, ಮುಂಗಾರು ಹಿಡಿದಾಗ ತುಂಬಬೇಕು. ಎರೆಯ ನೆಲವಾದರೆ ತೋಡಿದ ಮಣ್ಣನ್ನೇ ಹಿಂದಕ್ಕೆ ತುಂಬುವುದು ತಪ್ಪು. ಅರ್ಧದಷ್ಟಾದರೂ ಕೆಮ್ಮಣ್ಣು, ಮರಳು ಬೆರೆಸಿದರೆ ಬಿರುಕಿನ ಬಾಧೆ ತಪ್ಪುತ್ತದೆ. ಗಿಡದಿಂದ ಗಿಡಕ್ಕೆ ೨೫ ಅಡಿಗಳ ಅಂತರವಿರಲಿ.

ಎಲೆ ಕಹಿಯಾದುದರಿಂದ ದನಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬೇವು, ಆಲಗಳಿಗೆ ಬೇಕಾಗುವಷ್ಟು ಭದ್ರವಾದ ಬೇಲಿ ಇದಕ್ಕೆ ಬೇಡ. ಆದರೆ ಬೀದಿಯಲ್ಲಿ ಶತ್ರು ದನವಲ್ಲ, ವಾಹನ ನಿಲ್ಲಿಸುವವನು. ಆದುದರಿಂದ ಆಸರೆಯ ಗೂಟವೂ ಮುಳ್ಳಿನ ಕಟ್ಟೂ ಅವಶ್ಯ. ಮೊದಲ ಎರಡು ಬೇಸಗೆಗಳು ನಿರ್ಣಾಯಕವಾದುವು. ವಾರಕ್ಕೆರಡು ಬಾರಿ ಒಂದೊಂದು ಕೊಡ ನೀರು ಪಾತಿಯಲ್ಲಿ ನಿಂತು ಇಂಗಿದರೆ ಸಾಕು; ದಿನವೂ ಮೇಲೆಮೇಲೆ ಚಿಮುಕಿಸಿದರೆ ಬೇರುಗಳು ಆಳಕ್ಕೆ ಇಳಿಯದೆ ಸೋಮಾರಿಯಾಗುತ್ತವೆ. ಕೆಳಗಿನ ಕವಲುಗಳನ್ನು ಅವಸರದಿಂದ ಸವರಬಾರದು. ಕಾಂಡ ದಪ್ಪನಾಗಲು ಅವು ಬೇಕು. ಮೂರು ವರ್ಷದ ಮೇಲೆ ಒಂದೊಂದಾಗಿ ತೆಗೆಯುತ್ತ, ಎಂಟು ಅಡಿಯವರೆಗೆ ಕಾಂಡವನ್ನು ಬಿಡಿಸಿಕೊಳ್ಳಬಹುದು.

ಸರಸ್ವತಿ ನಗರದಂತಹ ಬಡಾವಣೆಗಳಲ್ಲಿ ನೆಡುವವರು ಇನ್ನೆರಡು ವಿಷಯಗಳನ್ನು ಗಮನಿಸಬೇಕು. ಒಂದು, ವಿದ್ಯುತ್ ತಂತಿ. ತಂತಿ ಹಾದ ಬದಿಯಲ್ಲಿ ನೆಟ್ಟರೆ ಪ್ರತಿ ಮುಂಗಾರಿನ ಮೊದಲು ಮರದ ಒಂದು ಮಗ್ಗುಲನ್ನು ಕತ್ತರಿಸುತ್ತಾರೆ. ಕೆಲವೇ ವರ್ಷಗಳಲ್ಲಿ ಮರ ವಾಲುತ್ತದೆ, ವಾಲಿದ ಮರ ಅಪಾಯಕಾರಿಯೆಂದು ಕಡಿಯಲ್ಪಡುತ್ತದೆ. ತಂತಿಯಿಲ್ಲದ ಬದಿಯಲ್ಲಿ ಮಾತ್ರ ನೆಡುವುದು ಇದಕ್ಕೆ ಸರಳವಾದ ಪರಿಹಾರ. ಎರಡು, ಕಾಂಡದ ಕೊರಳಿಗೆ ಬಿಗಿದ ಕಾಂಕ್ರೀಟು. ಸುತ್ತ ಕನಿಷ್ಠ ಮೂರಡಿಯಷ್ಟಾದರೂ ನೆಲವನ್ನು ಬರಿದಾಗಿ ಬಿಡದಿದ್ದರೆ ಮಳೆಯ ನೀರು ಬೇರಿಗೆ ತಲಪುವ ದಾರಿಯೇ ಇಲ್ಲ. ಬೆಳೆದ ಮರವನ್ನು ತೆಗೆಯಬೇಕಾದ ಪ್ರಸಂಗ ಬಂದರೆ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕಾಗುತ್ತದೆಂಬುದನ್ನೂ ಮನೆಯವರು ತಿಳಿದಿರಬೇಕು.

ಹೊಂಗೆಯ ವಿಷಯವಾಗಿ ಗೃಹಸ್ಥರ ದೂರೆಂದರೆ ಕಸ. ಚೈತ್ರದಲ್ಲಿ ಪ್ರತಿದಿನ ಬೆಳಗ್ಗೆ ಅಂಗಳದ ತುಂಬ ಹೂವು. ಅದಕ್ಕೂ ಮೊದಲು ಎಲೆ, ಕಾಯಿ. ಈ ದೂರು ನಿಜವಾದುದೇ. ಗುಡಿಸುವವರು ಮನೆಯ ಹೆಂಗಸರು ಅಥವಾ ಪೌರಕಾರ್ಮಿಕರೇ ಹೊರತು ಮರವನ್ನು ಹೊಗಳಿ ಬರೆಯುವವರಲ್ಲ. ಆದರೆ ಈ ಕಸಕ್ಕೆ ಬೆಲೆಯುಂಟು. ಉದುರಿದ ಹೂವನ್ನು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ ಕೊಳೆಸಿದರೆ ಹೂಕುಂಡಗಳಿಗೆ ಉತ್ತಮ ಗೊಬ್ಬರ. ಹಿಂಡಿಯನ್ನು ಅಡಿಕೆ, ತೆಂಗುಗಳ ಬುಡಕ್ಕೆ ಹಾಕುವವರು ಈಗಲೂ ಇದ್ದಾರೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ಹೊಂಗೆಯೆಣ್ಣೆಯಿಂದ ತಯಾರಿಸಿದ ಸಾಬೂನನ್ನು ನೀರಿನಲ್ಲಿ ಕರಗಿಸಿ ತರಕಾರಿಯ ಕೀಟಗಳಿಗೆ ಸಿಂಪಡಿಸುವ ಕ್ರಮವನ್ನು ಪ್ರಚಾರಕ್ಕೆ ತಂದಿದ್ದಾರೆ. ಬೆಳೆದ ಒಂದು ಮರವು ವರ್ಷಕ್ಕೆ ಒಂಬತ್ತರಿಂದ ತೊಂಬತ್ತು ಕಿಲೋಗ್ರಾಂವರೆಗೆ ಬೀಜ ಕೊಡಬಲ್ಲುದು. ಈ ಹತ್ತು ಮಡಿ ಅಂತರಕ್ಕೆ ತಳಿ, ನೆಲ, ವಯಸ್ಸು ಮೂರೂ ಕಾರಣ. ಬೀದಿಯೊಂದರ ಇಪ್ಪತ್ತು ಮರಗಳ ಬೀಜವನ್ನು ಅಲ್ಲಿ ಗುಡಿಸುವ ಪೌರಕಾರ್ಮಿಕರಿಗೇ ಬಿಟ್ಟುಕೊಟ್ಟು, ಅದನ್ನು ಕೊಳ್ಳುವ ಗಾಣವೊಂದನ್ನು ಊರಿನಲ್ಲಿ ಗೊತ್ತುಪಡಿಸುವುದು ನಗರಪಾಲಿಕೆಗೆ ಅಸಾಧ್ಯವಾದ ಕೆಲಸವೇನಲ್ಲ. ಮುಂಬರುವ ಶಿವರಾತ್ರಿಯ ಹೊತ್ತಿಗೆ ಈಗಿರುವ ಮರಗಳ ಕಾಯಿ ಮಾಗಿರುತ್ತದೆ.